ಮಾವನ ನಾಲ್ಕು ತಂತಿ

ಮಾವನ ಗಿಟಾರಿನಲ್ಲಿ ನಾಲ್ಕೇ ತಂತಿ ಕಂಡ ಸೋದರಳಿಯ, ಎರಡು ಕಿತ್ತುಹೋಗಿವೆ ಎಂದು ಮರುಗಿ, ಅಂಗಡಿಯಲ್ಲಿ ಬಿಲ್ ಹಾಕುವ ಕೆಲಸದ ಮೊದಲ ಸಂಬಳದಲ್ಲಿ ಎರಡು ತಂತಿ ತಂದುಕೊಟ್ಟಿದ್ದ. ತಗ್ಗಿನ ಸ್ವರ ನುಡಿಸುವ ಬೇಸ್ ಗಿಟಾರಿಗೆ ಇರುವುದೇ ನಾಲ್ಕು ಎಂದು ಆ ಜಾಣನಿಗೆ ಯಾರು ಹೇಳಬೇಕು? ಹಗಲು ಲಿಫ್ಟ್ ರಿಪೇರಿ ಮಾಡುವ ಮಾವ ಆ ಎರಡು ತಂತಿ ಕಿಟಕಿಗೆ ಕಟ್ಟಿ ಕರ್ಚೀಫು ಒಣಹಾಕಿದ.

ಈಗ ಮಾವ ಸಂಜೆ ನುಡಿಸುವ ವಾದ್ಯತಂಡದ ಹೊಸ ಗಾಯಕಿ ಅವನನ್ನೇ ಕೈಬಿಡಲು ಹೊರಟಿದ್ದಳು. "ನಿಮ್ಮದು ಯಾರಿಗೂ ಕೇಳ್ಸೋದೇ ಇಲ್ಲ ಅಂಕಲ್, ಕೀಬೋರ್ಡೇ ಸಾಕು."

ಅಭ್ಯಾಸ ನೋಡಲು ಬಂದಿದ್ದ ಅಳಿಯ ಕುರ್ಚಿಯಿಂದ ಎದ್ದೇಬಿಟ್ಟ. ಮಾವ ಮಾತ್ರ ತಣ್ಣಗೆ, "ಆಯ್ತಮ್ಮ, ಕೀಬೋರ್ಡಿನವ್ನು ಒಂದೇ ಕಾರ್ಡ್ ಒತ್ಹಿಡ್ಕೊಂಡಿರ್ಲಿ, ನೀನು ಒಂದು ಸಾಲು ಹಾಡು" ಎಂದ.

ಕೀಬೋರ್ಡಿನವನು ಆ ಕಾರ್ಡಿನ ಮೂರು ಸ್ವರ ಒಟ್ಟಿಗೆ ಒತ್ತಿ ಹಿಡಿದ. ಮಾವ ಅದರಡಿಯಲ್ಲಿ ಅದರದೇ ಮೂಲಸ್ವರ ನುಡಿಸಿದಾಗ ಅವಳು ಹಾಡಿದ ಸಾಲು, ಮನೆ ಸೇರಿದಷ್ಟು ನೆಮ್ಮದಿಯಾಗಿತ್ತು. ಅವಳು ಎರಡನೇ ಸಲ ಹಾಡಿದಾಗ ಬೆರಳನ್ನು ತಂತಿಯ ಮೇಲೆ ಮೂರು ಪಟ್ಟಿ ಸರಿಸಿ ಇನ್ನೂ ತಗ್ಗಿನ ಸ್ವರ ನುಡಿಸಿದ. ಅದೇ ಸಾಲು ಯಾರನ್ನೋ ಬೀಳ್ಕೊಟ್ಟ ಹಾಗೆ ಕೇಳಿಸಿತು.

"ಕಾರ್ಡ್ ಯಾಕೋ ಬದಲಾಯ್ಸಿದೆ?" ಗಾಯಕಿ ಕೀಬೋರ್ಡಿನವನ ಮೇಲೆ ರೇಗಿದಳು.

"ನಾನು ಬೆರಳೇ ಎತ್ತಿಲ್ಲ ಮಾರಾಯ್ತಿ, ಸ್ವರ ಬದಲಾಯ್ಸಿದ್ದು ಅಂಕಲ್ಲು!"

ಮಾವ ತಂಡದಲ್ಲೇ ಉಳಿದ. ಮನೆಗೆ ಹೋಗುವಾಗ ಅಳಿಯ ತಡೆಯಲಾರದೆ ಕೇಳಿಯೇಬಿಟ್ಟ: "ನಿಜ ಹೇಳು ಮಾವ, ನಿಂಗಂತ ಯಾರಾದ್ರೂ ಒಂದ್ಸಲ ಚಪ್ಪಾಳೆ ತಟ್ಟಿದಾರಾ?"

"ಇಲ್ಲ. ಲಿಫ್ಟಿಗೂ ಯಾರೂ ತಟ್ಟಲ್ಲ. ಹತ್ತೋದು ಬಿಟ್ಟಿದಾರಾ?"