ನನ್ನ ಪ್ರೆಸ್ ಕಿಟ್‌ನ ಅತ್ತೆ

ನನ್ನ ಅತ್ತೆ ನನ್ನನ್ನು ಓಡಬೇಡ ಎಂದದ್ದು ಒಂದೇ ಒಂದು ದಿನ. ಆ ದಿನ ನಾನು ಓಡುವ ರಸ್ತೆಯಲ್ಲಿ ಆನೆ ನಿಂತಿತ್ತು. ಆನೆಯನ್ನು ಬಿಟ್ಟು, ಬರೀ ‘ಓಡಬೇಡ’ ಎಂಬ ಮಾತನ್ನಷ್ಟೇ ಇಟ್ಟುಕೊಂಡು, ಅದನ್ನು ನಾನು ಊರಿಗೆಲ್ಲ ಹಂಚಿದೆ. ಪತ್ರಿಕೆಗಳಿಗೆ ಕಳಿಸಿದೆ, ವೇದಿಕೆಗಳ ಮೇಲೆ ಹೇಳಿದೆ, ಚಪ್ಪಾಳೆ ತೆಗೆದುಕೊಂಡೆ. ನನ್ನ ಮಾತು ಕೇಳಿ ಕಣ್ಣೊರೆಸಿಕೊಂಡ ಹೆಂಗಸರಲ್ಲಿ ನೀವೂ ಒಬ್ಬರಾಗಿದ್ದರೆ — ನೀವು ಅತ್ತದ್ದು ಒಂದು ಸುಳ್ಳಿಗೆ. ಅದನ್ನು ನಿಮಗೆ ತಿಳಿಸುವುದು ನಾಲ್ಕು ವರ್ಷ ತಡವಾಯಿತು.

ನನ್ನ ಹೆಸರು ಸವಿತಾ. ಗಂಡ ಪೊನ್ನಂಪೇಟೆಯಲ್ಲಿ ಸರ್ಕಾರಿ ನೌಕರ. ಅತ್ತೆ ನಿಂಗಮ್ಮ. ಅವರ ಕಡೆಯವರು ಹಾಸನದ ಸೀಮೆಯಿಂದ ಬಂದು ಕುಶಾಲನಗರದ ಹತ್ತಿರ ಬೇಸಾಯಕ್ಕೆ ನಿಂತವರು. ಮಾವ ತೀರಿಕೊಂಡ ಮೇಲೆ ಹೊಲವನ್ನು ದೊಡ್ಡ ಮಗನಿಗೆ ಒಪ್ಪಿಸಿ, ನನ್ನ ಬಾಣಂತನಕ್ಕೆಂದು ಬಂದ ಅತ್ತೆ ನಮ್ಮಲ್ಲೇ ಉಳಿದರು. ಮಗಳು ಅನು ಹುಟ್ಟಿದ ಮೇಲೆ ನಾನು ವಿಪರೀತ ದಪ್ಪಗಾಗಿದ್ದೆ. ದಿನಾ ನಡೆಯಿರಿ ಎಂದರು ಡಾಕ್ಟರು. ಫಾರೆಸ್ಟ್ರಿ ಕಾಲೇಜಿನ ಕಡೆಗೆ ನಡೆಯುತ್ತಾ ನಡೆಯುತ್ತಾ, ಒಂದು ದಿನ ಇಳಿಜಾರಿನಲ್ಲಿ ಕಾಲು ತಾನಾಗಿಯೇ ಓಡತೊಡಗಿತು. ಆ ದಿನ ನನಗಾದ ಖುಷಿಯನ್ನು ಮನೆಗೆ ಬಂದು ಮೊದಲು ಹೇಳಿದ್ದು ಅತ್ತೆಗೇ. ಮಗುವನ್ನು ಸೊಂಟದಲ್ಲಿಟ್ಟುಕೊಂಡು ಕೇಳಿಸಿಕೊಂಡ ಅವರು, “ನಾನೂ ಚಿಕ್ಕೋಳಿದ್ದಾಗ ಹಿಂಗೇ ಓಡ್ತಿದ್ದೆ ಕಣವ್ವ, ದನದ ಹಿಂದೆ” ಎಂದು ನಕ್ಕರು.

ಅವತ್ತಿನಿಂದ ನನಗಿಂತ ಮುಂಚೆ ಏಳುತ್ತಿದ್ದವರು ಅವರು. ಮಗು ಎದ್ದರೆ ಹೊಟ್ಟೆ ತುಂಬಿಸಿ, ಅತ್ತರೆ ಎತ್ತಿಕೊಂಡು ತಿರುಗಿ, ನಾನು ಬರುವ ಹೊತ್ತಿಗೆ ಬಿಸಿನೀರು ಕಾಯಿಸಿಟ್ಟು ಗೇಟಿನ ಹತ್ತಿರ ನಿಂತಿರುತ್ತಿದ್ದರು. ಮಳೆಗಾಲದಲ್ಲಿ ನನ್ನ ಶೂ ಒದ್ದೆಯಾದರೆ ಒಳಗೆ ಹಳೇ ಪೇಪರ್ ತುರುಕಿ ಬಚ್ಚಲೊಲೆಯ ಹಿಂದೆ ಇಡುತ್ತಿದ್ದರು. ಬೆಳಿಗ್ಗೆ ಕಾಲು ಹಾಕಿದರೆ ಬೆಚ್ಚಗಿರುತ್ತಿತ್ತು. ಎದುರು ಮನೆಯಾಕೆ ಒಮ್ಮೆ ನನ್ನ ಪ್ಯಾಂಟು ನೋಡಿ, “ಏನ್ ನಿಂಗಮ್ಮೋರೆ, ಸೊಸೆ ಹಿಂಗೆ ರೋಡ್ನಲ್ಲಿ...” ಎಂದು ರಾಗ ಎಳೆದಾಗ ಅತ್ತೆ ಹೇಳಿದ್ದನ್ನು ನಾನೇ ಕಿಟಕಿಯಿಂದ ಕೇಳಿಸಿಕೊಂಡಿದ್ದೇನೆ. “ಓಡೋದು ಅವಳ ಕಾಲು. ನೋವು ನಿಂಗ್ಯಾಕೆ?”

ಆನೆಯ ದಿನದ್ದೂ ಹೇಳಿಬಿಡುತ್ತೇನೆ. ಹಾಲಿನವನು ಬಂದವನೇ, ನಾನು ಆಗ ಓಡುತ್ತಿದ್ದ ಬಿಟ್ಟಂಗಾಲದ ರಸ್ತೆಯಲ್ಲಿ, ಎಸ್ಟೇಟಿನ ಕೂಲಿಯವರ ಲೈನು ಮನೆಗಳ ಹತ್ತಿರ ಒಂಟಿ ಆನೆ ಇದೆ ಎಂದ. ನಾನು ಶೂ ಕಟ್ಟುತ್ತಿದ್ದೆ. “ಇವತ್ತು ಓಡ್‌ಬೇಡ ಕಣವ್ವ” ಎಂದರು ಅತ್ತೆ. ನಾನು ಶೂ ಬಿಚ್ಚಿಟ್ಟು ಕಾಫಿ ಕುಡಿದೆ. ಅಷ್ಟೇ ನಡೆದದ್ದು. ಇನ್ನೇನೂ ಇಲ್ಲ.

ಮುಂದೆ ನಾನು ದೂರದ ಓಟಗಳಿಗೆ ಹೋಗತೊಡಗಿದೆ. ಮೈಸೂರಿನಲ್ಲಿ, ಮಂಗಳೂರಿನಲ್ಲಿ ಕೆಲವು ಪದಕಗಳು ಬಂದವು. ಶಾಲೆಗಳವರು, ಮಹಿಳಾ ಸಂಘದವರು ಮಾತಾಡಲು ಕರೆಯತೊಡಗಿದರು. ನನಗೆ ಅದರ ರುಚಿ ಹತ್ತಿತು — ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಓಡುವುದಕ್ಕಿಂತ ಓಟದ ಬಗ್ಗೆ ಮಾತಾಡುವುದು ಹೆಚ್ಚು ಇಷ್ಟವಾಗತೊಡಗಿತ್ತು. ಹೀಗೆ ಕರೆಸಿದವರೊಬ್ಬರು, “ನಿಮ್ಮ ಪ್ರೆಸ್ ಕಿಟ್ ಕಳಿಸಿ ಮೇಡಂ” ಎಂದರು.

ಅದೇನೆಂದು ನನಗೆ ಗೊತ್ತಿರಲಿಲ್ಲ. ಪತ್ರಿಕೆಯವರು, ಕಾರ್ಯಕ್ರಮ ನಡೆಸುವವರು ಕೇಳಿದ ಕೂಡಲೇ ಕಳಿಸಬಹುದಾದ ಒಂದು ಲಿಂಕು ಅದು. ಒತ್ತಿದರೆ ನಮ್ಮ ಚಿಕ್ಕ ಪರಿಚಯ, ದೊಡ್ಡ ಪರಿಚಯ, ಒಳ್ಳೆಯ ಫೋಟೋಗಳು, ಎರಡು ನಿಮಿಷದ ವಿಡಿಯೊ, ನಮ್ಮನ್ನು ಕೇಳಬಹುದಾದ ಪ್ರಶ್ನೆಗಳು ಕೂಡ ಸಿಗುತ್ತವೆ. ಪತ್ರಿಕೆಯವರಿಗೆ ಪುರುಸೊತ್ತಿಲ್ಲದಿದ್ದರೆ ಅದರಲ್ಲಿದ್ದದ್ದೇ ಅಕ್ಷರಕ್ಕಕ್ಷರ ಅಚ್ಚಾಗುತ್ತದೆ. ಇದನ್ನೆಲ್ಲ ನನಗೆ ವಿವರಿಸಿದವಳು ಸ್ನೇಹಾ ಎಂಬ ಮೈಸೂರಿನ ಹುಡುಗಿ. ಇಂಥ ಕಿಟ್‌ಗಳನ್ನು ಮಾಡಿಕೊಡುವುದೇ ಅವಳ ಕೆಲಸ. ಫೋನಿನಲ್ಲಿ ನನ್ನ ಕತೆಯೆಲ್ಲ ಕೇಳಿದ ಮೇಲೆ ಅವಳು ಹೇಳಿದಳು:

“ಎಲ್ಲ ಚೆನ್ನಾಗಿದೆ ಮೇಡಂ. ಆದ್ರೆ ಸ್ಟ್ರಗಲ್ ಇಲ್ಲ. ಯಾರೂ ನಿಮ್ಮನ್ನ ತಡೀಲೇ ಇಲ್ವಾ? ಮನೇಲಿ ಯಾರಾದ್ರೂ ಒಂದ್ಸಲ ಬೇಡ ಅಂದಿರ್ತಾರಲ್ವಾ?”

“ಅತ್ತೆ ಒಂದ್ಸಲ ಓಡಬೇಡ ಅಂದಿದ್ರು” ಎಂದೆ.

ಅಲ್ಲಿಗೇ ನಿಲ್ಲಿಸಿದೆ. ‘ಆನೆ ಬಂದಿತ್ತು’ ಎನ್ನಲು ಎಷ್ಟು ಹೊತ್ತು ಬೇಕಿತ್ತು — ಆದರೆ ಆ ಕಡೆಯಿಂದ ಅವಳು “ಹಾಂ, ಇದು ಬೇಕಿತ್ತು ನೋಡಿ” ಎಂದಾಗ ನನಗೆ... ಪರೀಕ್ಷೆಯಲ್ಲಿ ಸರಿ ಉತ್ತರ ಕೊಟ್ಟ ಹಾಗೆ ಆಯಿತು. ತಪ್ಪು ಸ್ನೇಹಾಳದ್ದಲ್ಲ. ಅವಳಿಗೆ ಆನೆಯ ವಿಷಯ ಗೊತ್ತೇ ಇರಲಿಲ್ಲ.

ವಾರ ಕಳೆದು ಅವಳು ಬರೆದು ಕಳಿಸಿದಳು. ಬಿಗಿ ಸಂಪ್ರದಾಯದ ಮನೆ. ಸೊಸೆ ಓಡುವುದನ್ನು ಒಪ್ಪದ ಅತ್ತೆ. ಸದ್ದಾಗದಂತೆ ಬಾಗಿಲು ತೆರೆದು ಹೊರಬಿದ್ದ ಹೆಣ್ಣು. “ಒಂದ್ಸಲ ಓದಿ, ಏನಾದ್ರೂ ತಪ್ಪಿದ್ರೆ ಹೇಳಿ” ಎಂದಿದ್ದಳು. ನಾನು ಓದಿದೆ. ನಮ್ಮೂರಿನ ಹೆಸರಿನಲ್ಲಿ ಕಾಗುಣಿತ ತಪ್ಪಿತ್ತು, ತಿದ್ದಿದೆ. ಆಮೇಲೆ ನಾನೇ ಒಂದು ವಾಕ್ಯ ಸೇರಿಸಿದೆ. ‘ನಾನು ಓಡಬಾರದೆಂದು ಅತ್ತೆ ನನ್ನ ಶೂಗಳನ್ನು ಬಚ್ಚಿಡುತ್ತಿದ್ದರು.’ ಅದನ್ನು ಯಾರೂ ನನ್ನಿಂದ ಕೇಳಿರಲಿಲ್ಲ. ಯಾಕೆ ಬರೆದೆ — ಆಗಿನ ನನ್ನನ್ನು ಎಷ್ಟು ಕೆದಕಿದರೂ ಸಿಗುವುದು ಇಷ್ಟೇ: ಓದಲು ಚೆನ್ನಾಗಿತ್ತು.

ವಿಡಿಯೊ ತೆಗೆಯಲು ಸ್ನೇಹಾ ಕ್ಯಾಮೆರಾದವನ ಜೊತೆ ಮನೆಗೆ ಬಂದಳು. ಅತ್ತೆ ಅವರಿಗೆ ಅಕ್ಕಿರೊಟ್ಟಿ ತಟ್ಟಿಕೊಟ್ಟರು. ತಮ್ಮನ್ನೂ ತೆಗೆಯುತ್ತಾರೆಂದು ಗೊತ್ತಾದಾಗ ಒಳಗೆ ಹೋಗಿ, ಅನುವಿನ ನಾಮಕರಣಕ್ಕೆ ಉಟ್ಟಿದ್ದ ಸೀರೆ ಉಟ್ಟು, ತಲೆ ಬಾಚಿಕೊಂಡು ಬಂದು ಜಗಲಿಯ ಮೇಲೆ ಕೂತರು. “ಅಜ್ಜಿ, ನಗಬೇಡಿ. ಸುಮ್ನೆ ರೋಡ್ ಕಡೆ ನೋಡಿ” ಎಂದಳು ಸ್ನೇಹಾ. ಅತ್ತೆ ನನ್ನ ಕಡೆ ನೋಡಿ, “ನಗಬಾರ್ದಂತೆ” ಎಂದು ನಕ್ಕು, ಆಮೇಲೆ ಮುಖ ಬಿಗಿ ಮಾಡಿ ರಸ್ತೆಯ ಕಡೆ ನೋಡಿದರು. ಬಿಸಿಲಿಗೆ ಹುಬ್ಬು ಗಂಟಾಯಿತು. ವಿಡಿಯೊದಲ್ಲಿ ಆ ಮುಖದ ಮೇಲೆ ನನ್ನ ದನಿ ಬರುತ್ತದೆ: ‘ನನ್ನ ಮೊದಲ ಅಡ್ಡಿ ನನ್ನ ಮನೆಯಲ್ಲೇ ಇತ್ತು.’

ನನ್ನ ಗಂಡ ಅದನ್ನು ಫೋನಿನಲ್ಲಿ ನೋಡಿ ಕೇಳಿದರು, “ಅಮ್ಮ ಶೂ ಬಚ್ಚಿಟ್ಟಿದ್ದು ಯಾವಾಗ?”

“ಅದು ಪ್ರಚಾರಕ್ಕೆ ರೀ, ಹಂಗೇ ಬರೀತಾರೆ” ಎಂದೆ.

ಅವರು ಫೋನನ್ನು ನನ್ನ ಕೈಗೆ ಕೊಟ್ಟು ಹೊರಗೆ ಹೋದರು. ಆಮೇಲೆ ನನ್ನ ಯಾವ ಕಾರ್ಯಕ್ರಮಕ್ಕೂ ಬರಲಿಲ್ಲ.

ಪತ್ರಿಕೆಯಲ್ಲಿ ಬಂತು. ಅರ್ಧ ಪುಟ, ನಾನು ಓಡುತ್ತಿರುವ ಚಿತ್ರ. ಅತ್ತೆ ಏಳನೇ ಕ್ಲಾಸಿನವರೆಗೆ ಓದಿದವರು. ಕನ್ನಡಕ ಹಾಕಿಕೊಂಡು ಪೇಪರಿನ ಮೂಲೆ ಮೂಲೆಯನ್ನೂ ಓದುತ್ತಾರೆ. ಅವರಿಗೆ ಸಿಗದಿರಲಿ ಎಂದು ನಾನು ಬೆಳಿಗ್ಗೆಯೇ ಪೇಪರನ್ನು ಎತ್ತಿಟ್ಟಿದ್ದೆ. ಎದುರು ಮನೆಯಾಕೆ ತಂದುಕೊಟ್ಟಳು. ಎರಡು ದಿನ ಅತ್ತೆ ಎಂದಿನಂತೆಯೇ ಇದ್ದರು. ಊಟ ಬಡಿಸಿದರು, ಅನುವಿನ ಜಡೆ ಹಾಕಿದರು. ಮೂರನೆಯ ದಿನ ನಾನು ಬಟ್ಟೆ ಮಡಚುತ್ತಿದ್ದಾಗ ಬಂದು ಹತ್ತಿರ ಕೂತರು.

“ನಾನು ಹಂಗಂದಿದ್ದು ಯಾವಾಗ ಅಂತ ಯೋಚ್ನೆ ಮಾಡ್ತಾ ಇದೀನಿ ಕಣವ್ವ. ನೆನಪಿಗೇ ಬರ್ತಾ ಇಲ್ಲ. ಆನೆ ಬಂದಿದ್ ದಿನ ಬೇಡ ಅಂದಿದ್ದೆ. ಅದಾ?”

ನಾನು ಇನ್ನೊಂದು ಬಟ್ಟೆ ಎತ್ತಿಕೊಂಡೆ.

“ಶೂನ ಒಣಗ್ಲಿ ಅಂತ ಒಲೆ ಹಿಂದೆ ಇಡ್ತಿದ್ದೆ. ನಿಂಗೆ ಸಿಗ್ದಂಗಾಗಿ ಹುಡುಕೋ ಹಂಗಾಗ್ತಿತ್ತೇನೋ. ಕೇಳ್ಬಾರ್ದಿತ್ತಾ ನೀನು?”

ಜಗಳಕ್ಕೆ ಬಂದಿದ್ದರೆ, ‘ಯಾಕೆ ಸುಳ್ಳು ಬರೆಸಿದೆ’ ಎಂದು ಕೂಗಿದ್ದರೆ — ನಾನು ಒಪ್ಪಿಕೊಳ್ಳುತ್ತಿದ್ದೆನೇನೋ. ಅವರು ನನ್ನ ಮಾತನ್ನು ನಂಬಿ, ತಪ್ಪನ್ನು ತಮ್ಮೊಳಗೆ ಹುಡುಕುತ್ತಿದ್ದರು. ಆಗಲೇ ನಿಜ ಹೇಳಬಹುದಿತ್ತು. ಅತ್ತೆ, ಅದು ಸುಳ್ಳು — ಅಷ್ಟೇ. ನಾನು ಹೇಳಿದ್ದು ಬೇರೆ.

“ಹಳೇದೆಲ್ಲ ಯಾಕೆ, ಬಿಡಿ ಅತ್ತೆ” ಎಂದೆ.

ಮಾಡದ ತಪ್ಪಿಗೆ ನಾನು ಅವರನ್ನು ಕ್ಷಮಿಸಿಬಿಟ್ಟೆ. ದೊಡ್ಡ ಮನಸ್ಸಿನವಳ ಹಾಗೆ. ಅವರು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು, “ತಪ್ಪಾಯ್ತು ಕಣವ್ವ” ಎಂದರು. ನಾನು ಬಟ್ಟೆ ಮಡಚುತ್ತಲೇ ಇದ್ದೆ.

ಅದಾದ ಮೇಲೆ ಅವರು ಗೇಟಿನ ಹತ್ತಿರ ನಿಲ್ಲುವುದನ್ನು ಬಿಟ್ಟರು. ನನ್ನ ಶೂ ಮುಟ್ಟುತ್ತಿರಲಿಲ್ಲ. ಮನೆಗೆ ಯಾರಾದರೂ ಹೊಸಬರು ಬಂದು ನನ್ನ ಓಟದ ಮಾತು ತೆಗೆದರೆ ಎದ್ದು ಒಳಗೆ ಹೋಗುತ್ತಿದ್ದರು. ಬರಬರುತ್ತಾ ಇನ್ನೊಂದು ಶುರುವಾಯಿತು — ತಾವೇ ಹೇಳತೊಡಗಿದರು. “ನಾನೇ ಬೇಡ ಅಂತಿದ್ದೆ. ಹಳೇ ಕಾಲ್ದೋಳು, ತಿಳೀತಿರ್ಲಿಲ್ಲ.” ಬಂದವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ವೇದಿಕೆಯ ಮೇಲೆ ನನ್ನ ಕತೆ ಇನ್ನಷ್ಟು ಬೆಳೆದಿತ್ತು. ಕೊನೆಗೆ ಅತ್ತೆ ಬದಲಾದರು, ಈಗ ಅವರೇ ನನ್ನನ್ನು ಹರಸುತ್ತಾರೆ ಎಂದು ಮುಗಿಸಿದರೆ ಚಪ್ಪಾಳೆ ನಿಲ್ಲುತ್ತಲೇ ಇರಲಿಲ್ಲ.

ಈ ವರ್ಷ ಅನುವಿನ ಶಾಲೆಯಿಂದ ಮಕ್ಕಳನ್ನು ಕಕ್ಕಬೆಗೆ ಕರೆದುಕೊಂಡು ಹೋಗಿ ತಡಿಯಂಡಮೋಳ್ ಬೆಟ್ಟ ಹತ್ತಿಸುವವರಿದ್ದರು. ಅವಳಿಗೀಗ ಹನ್ನೆರಡು. ಯಾವುದನ್ನೇ ಆಗಲಿ ಮೊದಲು ಅಜ್ಜಿಯನ್ನು ಕೇಳಿಯೇ ಅಭ್ಯಾಸ. ಅಡುಗೆಮನೆಯ ಬಾಗಿಲಲ್ಲಿ ನಿಂತು, “ಅಜ್ಜಿ, ಹೋಗ್ಲಾ? ಅಮ್ಮನ ಶೂ ಬಚ್ಚಿಟ್ಟ ಹಾಗೆ ನಂದೂ ಬಚ್ಚಿಟ್ಬಿಡ್ತೀಯಾ?” ಎಂದು ತಮಾಷೆ ಮಾಡಿದಳು. ಅವಳು ಆ ವಿಡಿಯೊವನ್ನು ಶಾಲೆಯಲ್ಲಿ ನೋಡಿದ್ದಳು. ಟೀಚರೇ ತೋರಿಸಿದ್ದರು.

ಅತ್ತೆ ತರಕಾರಿ ಹೆಚ್ಚುವುದನ್ನು ನಿಲ್ಲಿಸಿದರು. “ನಿಮ್ಮಮ್ಮನ್ನ ಕೇಳವ್ವ. ನಾನು ಹೋಗು ಅನ್ನಲ್ಲ, ಬೇಡ ಅಂತಾನೂ ಅನ್ನಲ್ಲ. ಒಂದ್ಸಲ ಅಂದು ಒಂದು ಹೆಣ್ಮಗೀನ ಹೊಟ್ಟೆ ಉರಿಸಿದೀನಿ. ಸಾಕು.”

ಮಗು ತಬ್ಬಿಬ್ಬಾಗಿ ನನ್ನನ್ನು ನೋಡಿತು. ಆ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಬೆಳೆಸಿದವರು, ಅದಕ್ಕೊಂದು ಮಾತು ಹೇಳುವ ಹಕ್ಕು ತಮಗಿಲ್ಲ ಎಂದುಕೊಂಡು ಕೂತಿದ್ದರು — ನನ್ನಿಂದ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಆ ಮಧ್ಯಾಹ್ನವೇ ಅವರ ಎದುರು ಕೂತು ಎಲ್ಲವನ್ನೂ ಹೇಳಿದೆ. ಆನೆ, ಸ್ನೇಹಾ, ನಾನೇ ಸೇರಿಸಿದ ವಾಕ್ಯ, ಬಚ್ಚಿಟ್ಟ ಪೇಪರು. ನೀವು ಒಂದು ದಿನವೂ ನನ್ನನ್ನು ತಡೆದಿಲ್ಲ, ನಿಮ್ಮಿಂದಲೇ ನಾನು ಓಡಿದ್ದು ಎಂದೆ. ಅಳು ಬಂತು. ಅವರು ಪೂರ್ತಿ ಕೇಳಿಸಿಕೊಂಡು, ಸೆರಗಿನಿಂದ ನನ್ನ ಮುಖ ಒರೆಸಿದರು.

“ನಂಗೆ ಬೇಜಾರಾಯ್ತು ಅಂತ ಹಿಂಗಂತಿದೀಯ. ಗೊತ್ತಾಗುತ್ತೆ ಕಣವ್ವ. ಅಷ್ಟು ಜನರ ಮುಂದೆ ನಿಂತು ಸುಳ್ಳು ಹೇಳೋಳಲ್ಲ ನೀನು.”

ಎಷ್ಟು ಹೇಳಿದರೂ ಅವರು ಒಪ್ಪಲಿಲ್ಲ. ಗಂಡನನ್ನು ಕರೆದು ಹೇಳಿಸಿದೆ. “ಅವಳು ಹೇಳ್ಕೊಟ್ಟಿದ್ದು ಹೇಳ್ತಿದೀಯ” ಎಂದು ಅತ್ತೆ ಮಗನಿಗೆ ಹೇಳಿದರು. ನಾನು ಹೇಳಿದ ಸುಳ್ಳು ಅವರಲ್ಲಿ ಈಗ ನಿಜವಾದ ನೆನಪೇ ಆಗಿ ಕೂತಿದೆ. ನಿಜ ಹೇಳಿದ್ದು ಸೊಸೆಯ ಒಳ್ಳೆಯತನವಾಗಿ ಕಾಣುತ್ತಿದೆ. ಇದಕ್ಕಿಂತ ದೊಡ್ಡ ನಾಚಿಕೆ ನನಗೆ ಗೊತ್ತಿಲ್ಲ.

ಕಿಟ್ ತೆಗೆಸಿಹಾಕಿದ್ದೇನೆ. ಸ್ನೇಹಾಳಿಗೂ ನಡೆದದ್ದನ್ನು ತಿಳಿಸಿದೆ. ಬರೆದಿದ್ದ ಪತ್ರಿಕೆಗಳಿಗೆ ತಪ್ಪು ತಿದ್ದಿ ಎಂದು ಕಾಗದ ಹಾಕಿದೆ. ಒಬ್ಬರು, ಇಷ್ಟು ಹಳೆಯದನ್ನು ತಿದ್ದುವುದು ಕಷ್ಟ ಎಂದರು, ಇನ್ನೊಬ್ಬರಿಂದ ಉತ್ತರವಿಲ್ಲ. ವಿಡಿಯೊ ಯಾರ್ಯಾರ ಫೋನಿನಲ್ಲಿದೆಯೋ, ಅದನ್ನು ನಾನು ಹಿಂದಕ್ಕೆ ತರಲಾರೆ.

ಮುಂದಿನ ತಿಂಗಳು ಮಡಿಕೇರಿಯಲ್ಲಿ ಒಂದು ಕಡೆ ಮಾತಾಡಲು ಕರೆದಿದ್ದಾರೆ. ನಾನು ಹೇಳಲಿರುವುದು ಇದನ್ನೇ ಎಂದು ಮೊದಲೇ ತಿಳಿಸಿದೆ. ಸ್ವಲ್ಪ ಯೋಚಿಸಿ, ಆಗಲಿ ಬನ್ನಿ ಎಂದರು. ಅತ್ತೆಯನ್ನೂ ಕರೆದೆ. “ನಾನ್ಯಾಕೆ ಕಣವ್ವ, ಜನ ಎಲ್ಲ ನನ್ನೇ ನೋಡ್ತಾರೆ” ಎಂದರು. ನಾನು ಒತ್ತಾಯ ಮಾಡಲಿಲ್ಲ. ಒತ್ತಾಯ ಮಾಡುವ ಮುಖ ನನಗಿಲ್ಲ.

ಅವರಿಲ್ಲದಿದ್ದರೂ ಹೇಳುತ್ತೇನೆ. ಆಮೇಲೆ ಇನ್ನೊಂದು ಕಡೆ ಕರೆದರೆ ಅಲ್ಲೂ ಹೇಳುತ್ತೇನೆ. ಯಾರೂ ಕರೆಯದಿದ್ದರೆ, ಮನೆಗೆ ಬಂದವರ ಮುಂದೆ. ಅತ್ತೆ ನಂಬುವವರೆಗೆ ಎಂದು ಬರೆಯಹೊರಟಿದ್ದೆ — ಅವರು ನಂಬುತ್ತಾರೆ ಎಂಬ ಭರವಸೆ ನನಗಿಲ್ಲ. ಎಪ್ಪತ್ತು ದಾಟಿದೆ ಅವರಿಗೆ. ಸೊಸೆಗೆ ಅನ್ಯಾಯ ಮಾಡಿದೆ ಎಂಬ ಕೊರಗನ್ನು ಎದೆಯಲ್ಲಿಟ್ಟುಕೊಂಡೇ ಅವರು ಒಂದು ದಿನ ಹೋಗಿಬಿಡಬಹುದು. ಆ ಕೊರಗನ್ನು ಅಲ್ಲಿಟ್ಟವಳು ನಾನು.