ಏಳನ್ನು ಎರಡರಿಂದ ಭಾಗಿಸಿದರೆ

ಕಚೇರಿಯಲ್ಲಿ ಆಕೆಗೆ ಬಗೆಯಮ್ಮ ಎಂದೇ ಹೆಸರು. ಎಕ್ಸ್, ವೈ ಇರುವ ಬೀಜಗಣಿತವನ್ನೂ ಮಾಡಿಕೊಡುವ ಕಂಪ್ಯೂಟರ್ ಭಾಷೆಯೊಂದನ್ನು ಅಲ್ಲಿ ನಾಲ್ಕೈದು ಜನ ಕಟ್ಟುತ್ತಿದ್ದರು. ಯಾವುದು ಯಾವ ಬಗೆಗೆ ಸೇರಿದ್ದು, ಯಾವುದನ್ನು ಯಾವುದರ ಜೊತೆ ಕೂಡಬಹುದು, ಕೂಡಬಾರದು ಎಂಬ ನಿಯಮ ಬರೆಯುವುದು ಆಕೆಯ ಪಾಲಿನ ಕೆಲಸ. ಊಟದ ಡಬ್ಬಿ ತೆರೆದರೂ "ಇದು ಯಾವ ಬಗೆ?" ಅಂತ ಕೇಳ್ತಾರೆ ಎಂದು ಜೊತೆಯವರು ನಗುತ್ತಿದ್ದರು. ಮೊದಮೊದಲು ಆಕೆಯೂ ನಕ್ಕಿದ್ದಳು.

ಏಳನ್ನು ಎರಡರಿಂದ ಭಾಗಿಸು ಎಂದರೆ ಆ ಭಾಷೆ ಓದುವ ಯಂತ್ರ ಒಪ್ಪುತ್ತಿರಲಿಲ್ಲ. ಎರಡೂ ಪೂರ್ಣಾಂಕ, ಪೂರ್ಣಾಂಕಗಳಲ್ಲಿ ಮೂರೂವರೆಗೆ ಜಾಗವೆಲ್ಲಿ? ಭಿನ್ನರಾಶಿ ಬೇಕಿದ್ದರೆ ಮೊದಲೇ ಹೇಳಬೇಕಿತ್ತು. ಅದನ್ನು ಬಳಸಿ ನೋಡಿದ ಗಣಿತದ ಮೇಷ್ಟ್ರೊಬ್ಬರು ರೇಗಿ, "ಏನಮ್ಮಾ, ಚಿಕ್ಕ ಮಗು ಮಾಡೋ ಲೆಕ್ಕ ನಿಮ್ಮ ಯಂತ್ರಕ್ಕೆ ಬರಲ್ವಾ?" ಎಂದರು.

ಮಾತು ಮುಖ್ಯಸ್ಥರವರೆಗೂ ಹೋಯಿತು. "ಅದೇ ಅರ್ಥ ಮಾಡ್ಕೊಳ್ಳಲಿ ಬಿಡಿ. ಜನಕ್ಕೆ ಬೇಕಾಗಿರೋದು ಉತ್ತರ."

"ಊಹೆ ಮಾಡೋಕೆ ಶುರು ಮಾಡಿದ್ರೆ ಎಲ್ಲಿ ನಿಲ್ಲುತ್ತೆ ಸಾರ್?"

"ನಿಲ್ಲಿಸೋದು ನಿಮ್ಮ ಕೆಲಸ."

ಸರಿ, ಬರೆದಳು. ಪೂರ್ಣಾಂಕದಲ್ಲಿ ಲೆಕ್ಕ ಆಗದಿದ್ದರೆ ಯಂತ್ರ ಅದನ್ನು ತಾನೇ ಭಿನ್ನರಾಶಿಗೆ ಏರಿಸಿ ನೋಡುವುದು. ಏಳು, ಎರಡರ ಲೆಕ್ಕ ಸಲೀಸಾಗಿ ಬಂತು. ಆಮೇಲೆ ಯಾರೋ, ಎಕ್ಸ್ ದೊಡ್ಡದೋ ವೈ ದೊಡ್ಡದೋ ಎಂದು ಕೇಳಿದರು. ಬೆಲೆ ಕೊಡದೆ ಅದಕ್ಕೆ ಉತ್ತರವೇ ಇಲ್ಲ. ಯಂತ್ರ ಬಿಡಬೇಕಲ್ಲ! ಎರಡನ್ನೂ ಭಿನ್ನರಾಶಿ ಮಾಡಿತು, ಆಗಲಿಲ್ಲ. ಭಿನ್ನರಾಶಿಯ ಭಿನ್ನರಾಶಿ ಮಾಡಿತು, ಅದರದ್ದೂ ಮತ್ತೊಂದು ಮಾಡಿತು. ಕಂಪ್ಯೂಟರಿನ ಫ್ಯಾನು ಗೊರಗೊರ ಎನ್ನುತ್ತಲೇ ಇತ್ತು.

ಗಂಡ ಆಸ್ಪತ್ರೆಯಲ್ಲಿ ನರ್ಸ್. ರಾತ್ರಿ ಪಾಳಿ ಮುಗಿಸಿ ಆತ ಬರುವ ಹೊತ್ತಿಗೆ ಆಕೆ ಹೊರಡಬೇಕು. ಅಡುಗೆಮನೆಯಲ್ಲಿ ನಿಂತೇ ಮಾತು.

"ಬೇಲಿ ಮೇಲಿದ್ದ ಓತಿಕ್ಯಾತನ್ನ ಕಿವಿಗೆ ಬಿಟ್ಕೊಂಡೆ ಕಣ್ರೀ."

"ಗೊತ್ತಿಲ್ಲ ಅನ್ನೋದನ್ನ ಕಲಿಸು ಅದಕ್ಕೆ."

"ಅದು ನನಗೂ ಗೊತ್ತು. ಹೇಗೆ ಕಲಿಸೋದು ಹೇಳಿ."

ತಿರುಗಿ ನೋಡಿದರೆ ಆತ ಬೂಟು ಬಿಚ್ಚಲು ಕೂತ ಕುರ್ಚಿಯಲ್ಲೇ ನಿದ್ದೆಹೋಗಿದ್ದ, ಒಂದು ಕಾಲಿನ ಬೂಟು ಇನ್ನೂ ಹಾಗೇ ಇತ್ತು.

ಒಮ್ಮೆ ಭಿನ್ನರಾಶಿಯಾದದ್ದನ್ನು ಮತ್ತೆ ಭಿನ್ನರಾಶಿಗೆ ಏರಿಸಕೂಡದು ಎಂದು ಆಕೆ ನಿಯಮ ಹಾಕಿದಳು. ಒಂದು ತೂತು ಮುಚ್ಚಿದರೆ ಇನ್ನೊಂದು ಬಾಯಿ ಬಿಡುತ್ತಿತ್ತು. ತಿಂಗಳುಗಟ್ಟಲೆ ಅದೇ ಆಯಿತು; ಕಣ್ಣಿನ ಕೆಳಗೆ ಕಪ್ಪು, ಬೆನ್ನಲ್ಲಿ ನೋವು. ಕೊನೆಗೊಂದು ದಿನ ಎಕ್ಸ್ ದೊಡ್ಡದೋ ವೈ ದೊಡ್ಡದೋ ಎಂದು ಕೇಳಿದಾಗ ಯಂತ್ರ, "ಇವೆರಡನ್ನು ಹೋಲಿಸಲಾಗದು" ಎಂದು ಸುಮ್ಮನಾಯಿತು. ಏಳನ್ನು ಎರಡರಿಂದ ಭಾಗಿಸಿದಾಗಲೂ ಉತ್ತರದ ಕೆಳಗೆ ಸಣ್ಣದಾಗಿ, "ಭಿನ್ನರಾಶಿ ಎಂದುಕೊಂಡೆ" ಎಂದು ಒಪ್ಪಿಕೊಳ್ಳುತ್ತಿತ್ತು.

"ಆ ಸಾಲೊಂದು ತೆಗೆದುಬಿಡಿ, ಚೆಂದ ಕಾಣಲ್ಲ," ಎಂದರು ಮುಖ್ಯಸ್ಥರು.

"ಅದಿರಲಿ ಸಾರ್," ಎಂದಳು. ಜಗಳವಾಡುವ ತ್ರಾಣ ಆಕೆಯಲ್ಲಿರಲಿಲ್ಲ. ಮುಖ ನೋಡಿ ಅವರೂ ಒತ್ತಾಯಿಸಲಿಲ್ಲ. ಸಾಲು ಉಳಿಯಿತು.

ಗೆದ್ದೆ ಎಂದೇನೂ ಅನ್ನಿಸಲಿಲ್ಲ. ಮರುದಿನ ಆಕೆ ಕೆಲಸಕ್ಕೆ ಹೋಗಲಿಲ್ಲ. ಮಧ್ಯಾಹ್ನ ಎದ್ದುಬಂದ ಗಂಡ, ಮೇಜಿನ ಮುಂದೆ ಸುಮ್ಮನೆ ಕೂತಿದ್ದವಳನ್ನು ಕಂಡು ಬೆರಗಾದ.

"ಯಾಕೆ, ಹುಷಾರಿಲ್ವಾ?"

"ಚೆನ್ನಾಗೇ ಇದೀನಿ. ಕೂತ್ಕೊಳ್ಳಿ, ಇಬ್ಬರಿಗೂ ಬಡಿಸ್ತೀನಿ."