ಚಿಕ್ಕಪ್ಪನ ಮೈಯೊಳಗಿನ ಜುಮುಜುಮು

ನಮ್ಮ ಚಿಕ್ಕಪ್ಪ ಮಾಸ್ತಿಕಟ್ಟೆಯಲ್ಲಿ ಲೈನ್‌ಮನ್ ಆಗಿದ್ದರು. ಕಂಬದಿಂದ ಬಿದ್ದು ಬೆನ್ನಿಗೆ ಪೆಟ್ಟಾದ ಮೇಲೆ ಎರಡೂ ಕಾಲಲ್ಲಿ ಸದಾ ಉರಿ. ಎಂಬತ್ತರ ದಶಕದಲ್ಲಿ ಬೊಂಬಾಯಿಯ ಡಾಕ್ಟರೊಬ್ಬರು ಅವರ ಹೊಟ್ಟೆಯ ಚರ್ಮದಡಿ ಬೆಂಕಿಪೊಟ್ಟಣದಷ್ಟು ಯಂತ್ರ ಇಟ್ಟು, ಅದರ ತಂತಿಯನ್ನು ಬೆನ್ನುಹುರಿಗೆ ತಾಗಿಸಿದರು. ಅದು ಸಣ್ಣಗೆ ಕರೆಂಟು ಬಿಟ್ಟರೆ ಕಾಲೆಲ್ಲ ಜುಮುಜುಮು ಎಂದು ನೋವು ಅಡಗುತ್ತಿತ್ತು. ಹಚ್ಚಲು, ಆರಿಸಲು ಒಂದು ಮ್ಯಾಗ್ನೆಟ್ ಕೊಟ್ಟಿದ್ದರು. ಹೊಟ್ಟೆಯ ಹತ್ತಿರ ಹಿಡಿದರೆ ಸಾಕು. "ಕರೆಂಟಿಂದ ಬಿದ್ದೋನಿಗೆ ಕರೆಂಟೇ ಮದ್ದು ನೋಡೇ!" ಎಂದು ನನಗೆ ಹೇಳಿ ಚಿಕ್ಕಪ್ಪ ನಗುತ್ತಾ ಊರೆಲ್ಲ ನಡೆದಾಡುತ್ತಿದ್ದರು.

ಒಂದು ಬೇಸಿಗೆ ಅದು ತಾನಾಗಿಯೇ ನಿಲ್ಲತೊಡಗಿತು. ಮಧ್ಯಾಹ್ನ ಉಂಡು ಮಲಗಿದವರು "ನಿಂತೋಯ್ತು" ಅನ್ನುವರು, ಮೆಲ್ಲಗೆ. ಮರುಕ್ಷಣ ನರಳಾಟ. ಚಿಕ್ಕಮ್ಮ ಮ್ಯಾಗ್ನೆಟ್ ಹಿಡಿದರೆ ಮತ್ತೆ ಶುರುವಾಗುವುದು. "ಯಾರೋ ಹಾಸಿಗೆ ಹತ್ರ ನಿಂತು ಆರಿಸಿದ ಹಾಗಾಗ್ತದೆ ಕಣೇ" ಎಂದು ಚಿಕ್ಕಪ್ಪ ನನಗೆ ಹೇಳಿದರು. ಹೊರಗೆ ರಣಬಿಸಿಲು. ಆದರೂ ಆ ಕೋಣೆಗೆ ಬೆನ್ನು ಹಾಕಿ ಕೂರಲು ನನಗೆ ಆಗುತ್ತಿರಲಿಲ್ಲ.

ಹೊಸನಗರದಿಂದ ಬೊಂಬಾಯಿಗೆ ಟ್ರಂಕ್ ಕಾಲ್ ಮಾಡಿದೆವು. ತಂತಿ ಜಾಗ ಬಿಟ್ಟಿರಬಹುದು, ಹುರಿಯ ಪಕ್ಕ ಏನಾದರೂ ಬೆಳೆಯುತ್ತಿರಲೂಬಹುದು ಎಂದರು ಡಾಕ್ಟರು. ಒಳಗಿನದನ್ನು ತೋರಿಸುವ, ದೊಡ್ಡ ಮ್ಯಾಗ್ನೆಟ್ಟಿನ ಹೊಸ ಸ್ಕ್ಯಾನ್ ಬಂದಿದೆಯಂತೆ. ಆದರೆ ಮೈಯಲ್ಲಿ ಈ ಯಂತ್ರ ಇದ್ದವರನ್ನು ಆ ಕೋಣೆಗೇ ಬಿಡರಂತೆ, ತಂತಿ ಕಾದು ನರ ಸುಟ್ಟೀತು. ಬೆನ್ನು ಕೊಯ್ದೇ ನೋಡಬೇಕು, ಈ ಸಲ ಕಾಲು ಹೋದರೂ ಹೋಗಬಹುದು. ನನಗೆ ಸಿಟ್ಟು ನೆತ್ತಿಗೇರಿತು. ನೋವಿಗೆಂದು ಹಾಕಿದ್ದೇ ನೋಡಲು ಅಡ್ಡಿಯಾಗುವುದು ಎಂಥ ನ್ಯಾಯ!

ಹೊರಡುವ ಮುನ್ನಾದಿನ ಕೊಡವಲೆಂದು ಅವರ ತೆಳು ಹಾಸಿಗೆ ಎತ್ತಿದೆ. ಅಡಿಯಲ್ಲಿ ಕತ್ತಿ, ಅದರ ಅಲಗಿಗೆ ಕಚ್ಚಿಕೊಂಡ ಮ್ಯಾಗ್ನೆಟ್! ಬಾಣಂತಿ, ರೋಗಿ ಮಲಗುವಲ್ಲಿ ಗಾಳಿ ಸೋಕದಿರಲೆಂದು ಕಬ್ಬಿಣ ಇಡುವುದು ನಮ್ಮ ಕಡೆಯ ವಾಡಿಕೆ.

"ಮ್ಯಾಗ್ನೆಟ್ಟು ಕಬ್ಬಿಣಾನೇ ಎಳೆಯೋದಲ್ವನೇ, ಅದೂ ಇದ್ರೆ ಇನ್ನೂ ಗಟ್ಟಿ ಅಂತ ಇಟ್ಟೆ" ಎಂದರು ಚಿಕ್ಕಮ್ಮ.

"ಅಯ್ಯೋ ಚಿಕ್ಕಮ್ಮಾ! ಅವರು ಮಗ್ಗುಲಾದಾಗೆಲ್ಲ ಆರಿಸ್ತಿದ್ದ ದೆವ್ವ ನೀವೇ!"

ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಬೊಂಬಾಯಿ ಬೇಡವೇ ಬೇಡ ಎಂದು ಚಿಕ್ಕಪ್ಪ ನಿರಾಳವಾಗಿ ಮಲಗಿದರು. ನಾನು ಮ್ಯಾಗ್ನೆಟ್ ಕಿತ್ತುಕೊಂಡು ಅಡುಗೆಮನೆಗೆ ಬಂದೆ.

ಕಾಫಿಗೆ ನೀರಿಟ್ಟ ಚಿಕ್ಕಮ್ಮ ತಟ್ಟನೆ ನನ್ನತ್ತ ತಿರುಗಿದರು. "ನಾನು ಅದನ್ನ ಇಟ್ಟಿದ್ದು ಅವರಿಗೆ ಹಾಗಾಗಕ್ಕೆ ಶುರುವಾದ ಮೇಲಲ್ವನೇ?"

ಅಷ್ಟರಲ್ಲಿ ಕೋಣೆಯಿಂದ ಮೆಲ್ಲಗೆ ದನಿ ಬಂತು: "ನಿಂತೋಯ್ತು."

ಮ್ಯಾಗ್ನೆಟ್ ನನ್ನ ಕೈಯಲ್ಲೇ ಇತ್ತು.

ಮರುದಿನ ಹೊರಟೆವು. ಚಿಕ್ಕಪ್ಪ ಯಾರ ಕೈಯನ್ನೂ ಹಿಡಿಯದೆ ಬಸ್ಸು ಹತ್ತಿದರು. ಅವರು ನಡೆದದ್ದನ್ನು ಊರಿನ ಜನ ಕಂಡದ್ದು ಅದೇ ಕೊನೆ. ಆಪರೇಷನ್ ಆದ ಮೇಲೆ ಅವರು ನಡೆಯಲಿಲ್ಲ.